ಹಾಕಿದ ಜಲ್ಲಿ ಎಲ್ಲಿ ಹೋಗುತ್ತದೆ?

ಮೆತ್ತನೆ ನೆಲದ ಮೇಲಿನ ಹಳ್ಳಿ ರಸ್ತೆಗೆ ಒಂದು ವರ್ಷ ಹತ್ತು ಲೋಡ್ ಜಲ್ಲಿ ಬೀಳುತ್ತದೆ. ಮುಂದಿನ ಮಳೆಗೆ ಅದರ ಗುರುತೂ ಉಳಿದಿರುವುದಿಲ್ಲ, ಮತ್ತೆ ಹತ್ತು ಲೋಡ್ ಬೇಕಾಗುತ್ತದೆ. ಆ ಜಲ್ಲಿಯನ್ನು ಯಾರೂ ಕದ್ದಿಲ್ಲ. ಲಾರಿಯ ಗಾಲಿ ಪಕ್ಕಕ್ಕೆ ಚೆಲ್ಲಿದ್ದೂ ಸ್ವಲ್ಪವೇ. ಬಹುಪಾಲು ನೇರ ಕೆಳಗಿಳಿದಿದೆ, ಅದು ಬಿಟ್ಟ ಜಾಗಕ್ಕೆ ಜೇಡಿ ಮೇಲೆ ಬಂದಿದೆ. ಜಲ್ಲಿಯ ಸಂದುಗಳಲ್ಲಿ ಐದರಲ್ಲೊಂದು ಪಾಲಿನಷ್ಟು ಜೇಡಿ ಸೇರಿಕೊಂಡರೆ ಕಲ್ಲಿಗೆ ಕಲ್ಲು ತಾಗುವುದು ತಪ್ಪುತ್ತದೆ. ಆಮೇಲೆ ಅದು ಹೆಸರಿಗೆ ಜಲ್ಲಿ ಪದರ, ಭಾರ ಹೊರುವ ಲೆಕ್ಕದಲ್ಲಿ ಬರೀ ಜೇಡಿ.

ಆದ್ದರಿಂದ ಇಂಥ ರಸ್ತೆಯಲ್ಲಿ ‘ಎಷ್ಟು ದಪ್ಪ ಜಲ್ಲಿ?’ ಎಂಬುದು ಮೊದಲ ಪ್ರಶ್ನೆಯಲ್ಲ. ನೀರು ಎಲ್ಲಿಂದ ಬರುತ್ತದೆ, ಕಲ್ಲನ್ನೂ ಕೆಸರನ್ನೂ ಬೇರೆಬೇರೆಯಾಗಿ ಇಡುವುದು ಹೇಗೆ ಎಂಬುವು ಮೊದಲು. ದಪ್ಪ ಆಮೇಲೆ.

ಅಡ್ಡಗುಂಡಿ

ರಿಪೇರಿಗೆ ಮೊದಲು ರಸ್ತೆಗೆ ಅಡ್ಡಲಾಗಿ ಒಂದು ಗುಂಡಿ ತೋಡಿಸಿ. ಅಂಚಿನಿಂದ ನಡುವಿನವರೆಗೆ, ಅರ್ಧ ಮೀಟರ್ ಅಗಲ, ಗಾಲಿಜಾಡನ್ನು ಕತ್ತರಿಸಿಕೊಂಡು ಹೋಗುವಂತೆ, ಮೂಲ ಮಣ್ಣು ಸಿಗುವವರೆಗೆ. ಜೆಸಿಬಿಗೆ ಅರ್ಧ ಗಂಟೆಯ ಕೆಲಸ. ಗುಂಡಿಯ ಗೋಡೆಯನ್ನು ಕರಣೆಯಿಂದ ಸವರಿ ನಯ ಮಾಡಿದರೆ ಕಲ್ಲು ಎಲ್ಲಿ ಮುಗಿದು ಮಣ್ಣು ಎಲ್ಲಿ ಶುರುವಾಗುತ್ತದೆ ಎಂಬ ಗೆರೆ ಕಾಣುತ್ತದೆ. ಆ ಗೆರೆಯ ಆಕಾರದಲ್ಲೇ ರೋಗದ ಹೆಸರಿದೆ.

ಮೇಲೆ ಜಾಡು ಬಿದ್ದಿದ್ದರೂ ಗೆರೆ ನೇರವಾಗಿದ್ದರೆ ತಳಮಣ್ಣು ಚೆನ್ನಾಗಿಯೇ ಇದೆ, ಸೋತಿರುವುದು ಜಲ್ಲಿ. ಇಂಥ ಜಾಡು ಕಿರಿದು, ಟೈರಿನ ಅಗಲದ್ದು. ಅದರ ಪಕ್ಕಕ್ಕೆ ಅಂಟಿಕೊಂಡೇ ಒಂದು ದಿಣ್ಣೆ ಎದ್ದಿರುತ್ತದೆ. ಕಾರಣ ದುಂಡು ಕಲ್ಲು, ಅತಿಯಾದ ಪುಡಿ, ಇಲ್ಲವೇ ಜಲ್ಲಿಯೊಳಗೇ ನಿಂತ ನೀರು. ಇಲ್ಲಿ ಕೆಳಗೆ ಜಲ್ಲಿ, ಜೇಡಿ ಬೇರ್ಪಡಿಸುವ ಬಟ್ಟೆ (ಜಿಯೋಟೆಕ್ಸ್‌ಟೈಲ್) ಹಾಸಿದರೂ ಪ್ರಯೋಜನವಿಲ್ಲ. ಮೇಲಿನ 15 ಸೆಂ.ಮೀ. ಅನ್ನು ಒಡೆದ ಜಲ್ಲಿಯಿಂದ ಬದಲಿಸಿ, ನೀರು ಇಳಿಯುವ ದಾರಿ ಮಾಡಿದರೆ ಮುಗಿಯಿತು.

ಗೆರೆಯೇ ಗಾಲಿಯ ಕೆಳಗೆ ತಟ್ಟೆಯಂತೆ ತಗ್ಗಿ, ಎರಡು ಜಾಡುಗಳ ನಡುವೆ ಬೆನ್ನು ಎತ್ತಿದ್ದರೆ ಸೋತಿರುವುದು ನೆಲ. ಮೇಲಿನ ಜಾಡು ಅಗಲವಾಗಿ ಸಾಸರಿನಂತಿರುತ್ತದೆ. ಉಬ್ಬು ಟೈರಿನ ಪಕ್ಕದಲ್ಲಲ್ಲ, ಅದರಾಚೆ ದೂರದಲ್ಲಿ, ಎಷ್ಟೋ ಸಲ ಚರಂಡಿಯ ದಡದಲ್ಲೇ ಏಳುತ್ತದೆ. ಚರಂಡಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದ್ದರೆ ಹೂಳೊಂದನ್ನೇ ದೂರಬೇಡಿ, ರಸ್ತೆಯ ಕೆಳಗಿನ ಜೇಡಿ ಅಲ್ಲಿಗೆ ತಳ್ಳಿಕೊಂಡು ಬರುತ್ತಿರಬಹುದು. ಮುಂದಿನದೆಲ್ಲ ಹೆಚ್ಚಾಗಿ ಈ ಎರಡನೆಯ ರೋಗದ ಬಗ್ಗೆ.

ನೆಲದ ಬಲ ಅಳೆಯಲು ಡಿಸಿಪಿ (ಡೈನಮಿಕ್ ಕೋನ್ ಪೆನೆಟ್ರೋಮೀಟರ್) ಎಂಬ ಸರಳ ಉಪಕರಣ ಸಾಕು. 8 ಕೆ.ಜಿ. ಸುತ್ತಿಗೆ 575 ಮಿ.ಮೀ. ಎತ್ತರದಿಂದ ಬೀಳುತ್ತದೆ, ತುದಿಯ 20 ಮಿ.ಮೀ. ಶಂಕು ನೆಲಕ್ಕಿಳಿಯುತ್ತದೆ, ಒಂದು ಪೆಟ್ಟಿಗೆ ಎಷ್ಟು ಮಿ.ಮೀ. ಇಳಿಯಿತೆಂದು ಬರೆದುಕೊಳ್ಳುವುದು. ಬಳಕೆಯಲ್ಲಿರುವ ಸೂತ್ರದ ಪ್ರಕಾರ 292 ಅನ್ನು ಆ ಇಳಿತದ 1.12ನೇ ಘಾತದಿಂದ ಭಾಗಿಸಿದರೆ ಸಿಬಿಆರ್ ಸಿಗುತ್ತದೆ, ಅಂದರೆ ಒಳ್ಳೆಯ ಒಡೆದ ಜಲ್ಲಿಯ ಬಲವನ್ನು 100 ಎಂದುಕೊಂಡು ನೆಲದ ಬಲ ಹೇಳುವ ಅಂಕಿ. ಪೆಟ್ಟಿಗೆ 20 ಮಿ.ಮೀ. ಇಳಿದರೆ ಸಿಬಿಆರ್ ಸುಮಾರು 10, 50 ಮಿ.ಮೀ. ಇಳಿದರೆ 3.6, 100 ಮಿ.ಮೀ. ಇಳಿದರೆ 1.7. ಐವತ್ತು ಮೀಟರಿಗೊಂದರಂತೆ, ಎಡ ಬಲ ಬದಲಿಸುತ್ತ, 80 ಸೆಂ.ಮೀ. ಆಳದವರೆಗೆ ಹೊಡೆಯಿರಿ. ಒಂದು ಕಿ.ಮೀ. ರಸ್ತೆ ಉದ್ದಕ್ಕೂ ಒಂದೇ ಬಗೆ ಕೆಟ್ಟಿರುವುದು ಅಪರೂಪ. ಹೆಚ್ಚಾಗಿ ಇನ್ನೂರು ಮೀಟರ್ ಮಾತ್ರ ನಿಜವಾಗಿ ಕೆಟ್ಟಿದ್ದು, ಉಳಿದದ್ದಕ್ಕೆ ಅರ್ಧ ಖರ್ಚು ಸಾಕಾಗುತ್ತದೆ.

ಉಪಕರಣ ಇಲ್ಲದಿದ್ದರೆ ಕಾಲೇ ಅಳತೆಗೋಲು. ನಿಂತಲ್ಲೇ ಪಾದ 7–8 ಸೆಂ.ಮೀ. ಹೂತರೆ ಸಿಬಿಆರ್ ಅರ್ಧಕ್ಕಿಂತ ಕಡಿಮೆ. ನಡೆದಾಗ ಒಂದು ಅಂಗುಲ ಇಳಿದರೆ ಒಂದರ ಆಸುಪಾಸು. ನಡೆದಾಡಿದರೆ ಗುರುತು ಬೀಳದೆ ಪಿಕಪ್ ಓಡಿದರೆ ಮಾತ್ರ ಒಂದಂಗುಲದೊಳಗಿನ ಜಾಡು ಬಿದ್ದರೆ ಎರಡು, ಮೂರು. ಭರ್ತಿ ಟಿಪ್ಪರ್ ಹೋದರೂ ಗುರುತು ಬೀಳದಿದ್ದರೆ ಆರಕ್ಕಿಂತ ಹೆಚ್ಚು. ಇವನ್ನೆಲ್ಲ ನೆಲ ಅತ್ಯಂತ ಒದ್ದೆಯಿರುವ ಕಾಲದಲ್ಲೇ ನೋಡಬೇಕು. ಒಣ ಜೇಡಿ ಸುಳ್ಳು ಹೇಳುತ್ತದೆ. ಬೇಸಗೆಯಲ್ಲಿ ಗುದ್ದಲಿಗೂ ಜಗ್ಗದ ಎರೆಮಣ್ಣು ಮಳೆ ಕುಡಿದ ಮೇಲೆ ಸಿಬಿಆರ್ 2ಕ್ಕೆ ಇಳಿಯುತ್ತದೆ. ಪ್ರಯೋಗಾಲಯದಲ್ಲಿ ಮಾದರಿಯನ್ನು 4 ದಿನ ನೀರಿನಲ್ಲಿ ನೆನೆಸಿಟ್ಟು ಪರೀಕ್ಷಿಸುವುದು ಇದಕ್ಕೇ.

ಒಂದು ಲಾರಿ ಎಷ್ಟು ಕಾರಿಗೆ ಸಮ?

1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ರಸ್ತೆಗಳನ್ನು ಬೇಕೆಂದೇ ಕಟ್ಟಿ, ಸೇನೆಯ ಚಾಲಕರಿಂದ ಲಾರಿ ಓಡಿಸಿ ಕೆಡಿಸಿದರು. ಆಶೊ ರಸ್ತೆ ಪರೀಕ್ಷೆ ಎಂದು ಅದರ ಹೆಸರು. ಅಲ್ಲಿಂದ ಬಂದ ನಿಯಮವೇ ಇಂದಿಗೂ ಲೆಕ್ಕದ ಬೆನ್ನೆಲುಬು: ಹಾನಿ ಅಚ್ಚಿನ (ಆಕ್ಸಲ್) ಭಾರದ ಸುಮಾರು ನಾಲ್ಕನೇ ಘಾತದಂತೆ ಏರುತ್ತದೆ. 8 ಟನ್ ಅಚ್ಚಿನ ಹಾನಿ 1 ಎಂದುಕೊಂಡರೆ 10 ಟನ್ನಿನದು 2.4, 12 ಟನ್ನಿನದು 5, 16 ಟನ್ನಿನದು 16. ಕಾರಿನ ಅರ್ಧ ಟನ್ ಅಚ್ಚು ಅರವತ್ತೈದು ಸಾವಿರ ಸಲ ದಾಟಿದರೆ ಒಂದು 8 ಟನ್ ಅಚ್ಚು ಒಮ್ಮೆ ದಾಟಿದ್ದಕ್ಕೆ ಸಮ. ಮೆತ್ತನೆ ನೆಲದ ಮಣ್ಣುರಸ್ತೆಯಲ್ಲಿ ಘಾತ ನಾಲ್ಕೇ ಆಗಿರಬೇಕೆಂದಿಲ್ಲ, ಆದರೆ ತೀರ್ಮಾನ ಬದಲಾಗುವುದಿಲ್ಲ: ಊರಿನ ಬೈಕು, ಕಾರು, ಟ್ರ್ಯಾಕ್ಟರುಗಳನ್ನು ಎಣಿಸುತ್ತ ಕೂರಬೇಡಿ. ಭರ್ತಿ ಲಾರಿ ದಿನಕ್ಕೆಷ್ಟು, ಅಚ್ಚಿಗೆ ಎಷ್ಟು ಟನ್, ಎಷ್ಟು ತಿಂಗಳು, ಇಷ್ಟು ತಿಳಿದರೆ ಸಾಕು.

ಕ್ವಾರಿ, ಮರಳು, ಕಬ್ಬು, ದಿಮ್ಮಿ ಯಾವುದೇ ಆಗಲಿ, ಭಾರ ಒಂದೇ ದಿಕ್ಕಿಗೆ ಹೋಗುತ್ತದೆ, ಖಾಲಿ ಲಾರಿ ಹಿಂದಿರುಗುತ್ತದೆ. ಎರಡು ಲಾರಿ ಅಗಲದ ರಸ್ತೆಯಾದರೆ ಭರ್ತಿ ಹೋಗುವ ಪಕ್ಕವೇ ಮೊದಲು ಕೂರುತ್ತದೆ. ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಬಲಪಡಿಸುವುದನ್ನು ಆ ಪಕ್ಕದಿಂದ ಶುರು ಮಾಡಿ.

ನೀರು ಮೊದಲು, ಕಲ್ಲು ಆಮೇಲೆ

ಬೇಸರದ ಅಧ್ಯಾಯವೇ, ಆದರೆ ಬಿಟ್ಟು ಮುಂದೆ ಹೋಗುವಂತಿಲ್ಲ. ರಸ್ತೆಯ ನಡುಬೆನ್ನು ಚರಂಡಿಯ ತಳಕ್ಕಿಂತ ಕನಿಷ್ಠ 75 ಸೆಂ.ಮೀ. ಮೇಲಿರಲಿ. ಡಾಂಬರಿಲ್ಲದ ರಸ್ತೆಗೆ ಎರಡೂ ಪಕ್ಕಕ್ಕೆ ಶೇ. 4ರಿಂದ 6ರಷ್ಟು ವಾಟ ಬೇಕು. ಅರ್ಧ ಅಗಲ 3 ಮೀಟರ್ ಇದ್ದರೆ ನಡುವಿನಿಂದ ಅಂಚಿಗೆ 12ರಿಂದ 18 ಸೆಂ.ಮೀ. ಇಳಿತ. ಕಣ್ಣಿಗೆ ಇದು ಅತಿ ಎನಿಸುತ್ತದೆ, ಗ್ರೇಡರ್ ಚಾಲಕರೂ ಕಡಿಮೆ ಮಾಡಲು ನೋಡುತ್ತಾರೆ. ಒಪ್ಪಬೇಡಿ. ಶೇ. 2ರ ವಾಟ ಮೊದಲ ಜಾಡು ಬಿದ್ದ ದಿನವೇ ಕೆಲಸ ನಿಲ್ಲಿಸುತ್ತದೆ. ಚರಂಡಿಗೆ ಎಲ್ಲಾದರೂ ಹೊರದಾರಿ ಇರಬೇಕು. ನೀರು ಹೊರಹೋಗದ ಚರಂಡಿ ರಸ್ತೆಯ ಪಕ್ಕ ಕಟ್ಟಿದ ಕೆರೆಯಷ್ಟೇ.

ನಾನು ಅತಿ ಹೆಚ್ಚು ಕಾಣುವ ತಪ್ಪು ತೊಟ್ಟಿ. ಮೆತ್ತನೆ ಮಣ್ಣನ್ನು ಅರ್ಧ ಮೀಟರ್ ಅಗೆದು ತೆಗೆದು, ಆ ಹೊಂಡದಲ್ಲಿ ಒಳ್ಳೆಯ ಜಲ್ಲಿ ತುಂಬಿ, ಎರಡೂ ಅಂಚಿಗೆ ಅದೇ ಅಗೆದ ಜೇಡಿಯನ್ನು ಒತ್ತಿ ‘ಭದ್ರ’ ಮಾಡುವುದು. ಈಗ ಜಲ್ಲಿ ಕೂತಿರುವುದು ಜೇಡಿಯ ತೊಟ್ಟಿಯೊಳಗೆ. ಮೇಲಿಂದ ಇಳಿದ ಮಳೆನೀರು ಎಲ್ಲಿಗೂ ಹೋಗಲಾರದು. ಪ್ರತಿ ಲಾರಿಗೂ ಆ ನೀರು ತಳಮಣ್ಣಿನ ಮೇಲೆ ಒತ್ತಡ ಹಾಕಿ, ಸಂದಿನಲ್ಲಿ ಜೇಡಿಯನ್ನು ಕದಡಿ ಮೇಲಕ್ಕೆ ಪಂಪು ಮಾಡುತ್ತದೆ. ಜಲ್ಲಿ ಪದರ ಚರಂಡಿಯ ಇಳಿಜಾರಿನವರೆಗೂ ಹೋಗಿ ಅಲ್ಲಿ ಕಣ್ಣಿಗೆ ಕಾಣುವಂತೆ ತೆರೆದುಕೊಳ್ಳಬೇಕು. ಅದಾಗದ ಕಡೆ 5–10 ಮೀಟರಿಗೊಂದರಂತೆ ಅಂಚನ್ನು ಸೀಳಿ, ಒಡೆದ ಕಲ್ಲು ತುಂಬಿದ ಅಡ್ಡಗಾಲುವೆ ಕೊಡಿ. ಅಗೆಯುವುದಕ್ಕಿಂತ ಏರಿಸುವುದು ಬಹುತೇಕ ಎಲ್ಲ ಕಡೆಯೂ ಲೇಸು.

ಇನ್ನೊಂದು ಮಾತು. ತೀರಾ ಮೆತ್ತನೆ ನೆಲದಲ್ಲಿ ಹುಲ್ಲು, ಬೇರಿನ ಹೆಪ್ಪನ್ನು ಕೆರೆದು ತೆಗೆಯಬೇಡಿ. ಗಿಡಗಂಟಿಯನ್ನು ನೆಲಮಟ್ಟಕ್ಕೆ ಕತ್ತರಿಸಿ, ಬೇರನ್ನು ಬಿಡಿ. ಸಿಬಿಆರ್ 1ರ ನೆಲಕ್ಕೆ ಆ ಬೇರಿನ ಹೆಣಿಗೆಯೇ ಇರುವ ಒಂದೇ ಗಟ್ಟಿ ಪದರ. ಕೆರೆದರೆ ಕೆಳಗಿನ ಲೊಳೆ ಬಯಲಾಗುತ್ತದೆ, ಕೆರೆಯಲು ಬಂದ ಯಂತ್ರವೇ ಹೂತುಕೊಳ್ಳುತ್ತದೆ. ಗಟ್ಟಿ ನೆಲದಲ್ಲಿ ‘ಮೇಲ್ಮಣ್ಣು ತೆಗೆಯಿರಿ’ ಎನ್ನುವ ನಿಯಮವನ್ನು ಇಲ್ಲಿಗೆ ಹೊತ್ತು ತರುವುದು ಬೇಡ.

ಬಟ್ಟೆಯ ಲೆಕ್ಕ

ಜಲ್ಲಿಯನ್ನೂ ಜೇಡಿಯನ್ನೂ ಬೇರ್ಪಡಿಸಲು ಹಾಸುವುದು ಜಿಯೋಟೆಕ್ಸ್‌ಟೈಲ್. ಈ ಯೋಚನೆ ಹಳೆಯದು: ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ 1926ರಲ್ಲೇ ದಪ್ಪ ಹತ್ತಿಬಟ್ಟೆಯನ್ನು ರಸ್ತೆಯಲ್ಲಿ ಹಾಸಿ ನೋಡಿದ್ದರು. ಈಗಿನದು ಪಾಲಿಪ್ರೊಪಿಲಿನ್ ಅಥವಾ ಪಾಲಿಯೆಸ್ಟರ್. ಅದರ ಕೆಲಸ ಎರಡು. ಒಂದು, ನೀರನ್ನು ಬಿಟ್ಟು ಮಣ್ಣನ್ನು ತಡೆಯುವುದು. ಇನ್ನೊಂದು ಅಷ್ಟು ಎದ್ದು ಕಾಣುವುದಿಲ್ಲ: ನೆಲ ಸೋಲುವ ಬಗೆಯನ್ನೇ ಬದಲಿಸುವುದು.

ಆ ಎರಡನೆಯದನ್ನು ಅಂಕಿಗಳಲ್ಲಿ ನೋಡೋಣ. ನೆನೆದ ಜೇಡಿಯಲ್ಲಿ ಸಿಬಿಆರ್ 1 ಎಂದರೆ ಕತ್ತರಿಬಲ (ಮಣ್ಣು ಜಾರದಂತೆ ತಡೆಯುವ ಬಲ) ಸುಮಾರು 30 ಕಿಲೋಪ್ಯಾಸ್ಕಲ್. ಬಟ್ಟೆಯಿಲ್ಲದ ನೆಲ ಆ ಬಲದ 3.14 ಪಟ್ಟು ಒತ್ತಡಕ್ಕೆ ಜಗ್ಗಲು ಶುರು ಮಾಡುತ್ತದೆ, ಅಂದರೆ 94 ಕಿಲೋಪ್ಯಾಸ್ಕಲ್. ಬಟ್ಟೆಯಿದ್ದರೆ 5.14 ಪಟ್ಟು, 154 ಕಿಲೋಪ್ಯಾಸ್ಕಲ್. ಜಿಯೋಗ್ರಿಡ್ ಎಂಬ ಬಲೆ ಇದ್ದರೆ 5.71 ಪಟ್ಟು, 171. ಜಿರೂ ಮತ್ತು ಹಾನ್ ಎಂಬ ಎಂಜಿನಿಯರುಗಳು 2004ರಲ್ಲಿ ಕೊಟ್ಟ ಲೆಕ್ಕಾಚಾರದ ಅಂಕಿಗಳಿವು. ಈಗ 8 ಟನ್ ಅಚ್ಚಿನ ಒಂದು ಪಕ್ಕ, 40 ಕಿಲೋನ್ಯೂಟನ್, 700 ಕಿಲೋಪ್ಯಾಸ್ಕಲ್ ಟೈರಿನೊತ್ತಡದಲ್ಲಿ ಕೂತಿದೆ ಎನ್ನಿ. ನೆಲಕ್ಕೆ ತಾಗುವ ಜಾಗ 570 ಚದರ ಸೆಂ.ಮೀ., ವೃತ್ತವೆಂದುಕೊಂಡರೆ ತ್ರಿಜ್ಯ 13.5 ಸೆಂ.ಮೀ. ಜಲ್ಲಿಯಲ್ಲಿ ಎರಡು ಸೆಂ.ಮೀ. ಇಳಿದಾಗಲೆಲ್ಲ ಭಾರ ಸುತ್ತಲೂ ಒಂದು ಸೆಂ.ಮೀ. ಹರಡುತ್ತದೆ. ತಳ ಮುಟ್ಟುವ ಹೊತ್ತಿಗೆ ಒತ್ತಡ 94ಕ್ಕೆ ಇಳಿಯಬೇಕಾದರೆ 47 ಸೆಂ.ಮೀ. ಜಲ್ಲಿ ಬೇಕು. 154 ಸಾಕೆಂದರೆ 30 ಸೆಂ.ಮೀ., 171 ಆದರೆ 28 ಸೆಂ.ಮೀ.

ಇದು ಒಂದು ಸಲ ನಿಂತ ಗಾಲಿಯ ಲೆಕ್ಕ. ಸಾವಿರ ಸಲ ಓಡಾಡಿದಂತೆಲ್ಲ ಜಲ್ಲಿ ಸಡಿಲವಾಗಿ ಹರಡುವ ಕೋನ ಕಿರಿದಾಗುತ್ತದೆ, ಹಾಗಾಗಿ ನಿಜವಾದ ದಪ್ಪ ಇದಕ್ಕಿಂತ ಹೆಚ್ಚೇ ಇರಬೇಕು. ಆದರೂ ಬಟ್ಟೆ ಉಳಿಸುವ ಅಂತರ ಕಣ್ಣಿಗೆ ಕಟ್ಟುತ್ತದೆ. 5 ಮೀಟರ್ ಅಗಲದ ರಸ್ತೆಯಲ್ಲಿ 17 ಸೆಂ.ಮೀ. ಎಂದರೆ ಕಿಲೋಮೀಟರಿಗೆ 850 ಘನ ಮೀಟರ್ ಜಲ್ಲಿ, ಅದೂ ದಮ್ಮಸು ಮಾಡಿದ ಮೇಲಿನ ಅಳತೆ. ಅದರ ಎದುರಿಗೆ ಬೇಕಾಗುವುದು 6,000 ಚದರ ಮೀಟರ್ ಬಟ್ಟೆ. ಕಲ್ಲು ದೂರದಿಂದ ಬರಬೇಕಾದ ಕಡೆ ಇದರಲ್ಲಿ ಯೋಚಿಸುವುದೇ ಇಲ್ಲ.

ಯಾವ ಬಟ್ಟೆ? ನೇಯ್ದದ್ದು ಹೆಚ್ಚು ಬಿಗಿ, ಎಳೆತಕ್ಕೆ ಗಟ್ಟಿ. ಆದರೆ ಪಟ್ಟಿ ನೂಲಿನ ಅಗ್ಗದ ನೇಯ್ಗೆಯಲ್ಲಿ ನೀರು ಸರಾಗವಾಗಿ ದಾಟದು. ಸೂಜಿ ಚುಚ್ಚಿ ಹೆಪ್ಪುಗಟ್ಟಿಸಿದ ನೇಯದ ಬಟ್ಟೆ ಹಿಗ್ಗುತ್ತದೆ, ಚೂಪು ಕಲ್ಲಿಗೆ ಹರಿಯದೆ ಬಾಗುತ್ತದೆ, ನೀರು ಬಿಡುತ್ತದೆ. ಒಸರುವ ನೆಲಕ್ಕೆ ನನ್ನ ಆಯ್ಕೆ ನೇಯದ್ದೇ. ಕೊಳ್ಳುವಾಗ ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಮಾತ್ರ ಕೇಳಬೇಡಿ. ಅಮೆರಿಕದ ಎಂ288 ಮಾನದಂಡದಲ್ಲಿ ಗಟ್ಟಿಮುಟ್ಟಾದ ಒಂದನೇ ವರ್ಗಕ್ಕೆ ಹಿಡಿದೆಳೆಯುವ ಬಲ ನೇಯದ್ದರಲ್ಲಿ 900 ನ್ಯೂಟನ್, ಹೆಚ್ಚು ಹಿಗ್ಗದ ನೇಯ್ದದ್ದರಲ್ಲಿ 1,400 ನ್ಯೂಟನ್ ಇರಬೇಕು. ಮೆತ್ತನೆ ನೆಲಕ್ಕೆ ಈ ವರ್ಗವೇ ಬೇಕು. ಬಟ್ಟೆ ಹರಿಯುವುದು ವರ್ಷಗಟ್ಟಲೆ ಲಾರಿ ಓಡಾಟದಿಂದಲ್ಲ, ಹಾಸಿದ ದಿನ ಮೊದಲ ಟಿಪ್ಪರ್ ಕಲ್ಲು ಸುರಿದಾಗ.

ಹಾಸುವ ಕ್ರಮ

ರೋಲನ್ನು ರಸ್ತೆಯ ಉದ್ದಕ್ಕೇ ಬಿಚ್ಚಿ, ಸುಕ್ಕಿಲ್ಲದಂತೆ ಎಳೆದು ಕಲ್ಲು ಹೇರಿ ನಿಲ್ಲಿಸಿ. ಒಂದರ ಮೇಲೊಂದು ಹೊದಿಸುವ ಅಗಲ ನೆಲವನ್ನು ನೋಡಿಕೊಂಡು ಹೋಗುತ್ತದೆ: ಸಿಬಿಆರ್ 3ಕ್ಕಿಂತ ಮೇಲಿದ್ದರೆ 30–45 ಸೆಂ.ಮೀ., 1ರಿಂದ 3 ಇದ್ದರೆ 60 ಸೆಂ.ಮೀ.ನಿಂದ 1 ಮೀಟರ್, ಅರ್ಧದಿಂದ 1 ಇದ್ದರೆ 1 ಮೀಟರ್ ಇಲ್ಲವೇ ಹೊಲಿಗೆ, ಅರ್ಧಕ್ಕಿಂತ ಕಡಿಮೆಯಾದರೆ ಹೊಲಿಗೆಯೇ. ರೋಲಿನ ತುದಿಗಳಿಗೆ ಎಲ್ಲ ಕಡೆಯೂ 1 ಮೀಟರ್. ಹಂಚು ಹೊದಿಸುವಾಗಿನಂತೆ ಇಲ್ಲೂ ದಿಕ್ಕಿದೆ. ಜಲ್ಲಿ ಯಾವ ಕಡೆಯಿಂದ ತಳ್ಳಿಕೊಂಡು ಬರುತ್ತದೋ ಆ ಕಡೆಯ ರೋಲಿನ ತುದಿ ಮೇಲಿರಬೇಕು, ಮುಂದಿನದು ಅದರ ಕೆಳಗೆ ನುಗ್ಗಿರಬೇಕು. ತಿರುಗುಮುರುಗಾದರೆ ಬ್ಲೇಡು ತುದಿಯನ್ನು ಎತ್ತಿ ಮಡಚಿಬಿಡುತ್ತದೆ, ಆ ಜಾಗದಲ್ಲಿ ಜೇಡಿ ಬಾಯಿ ತೆರೆಯುತ್ತದೆ. ಬಿಸಿಲಿಗೆ ಎರಡು ವಾರಕ್ಕಿಂತ ಹೆಚ್ಚು ಬಿಡುವಂತಿಲ್ಲ. ಅಂದಿನ ಜಲ್ಲಿ ಎಷ್ಟೋ ಅಷ್ಟೇ ಬಿಚ್ಚುವುದು ಎಲ್ಲಕ್ಕಿಂತ ಒಳ್ಳೆಯದು.

ಬಟ್ಟೆಯ ಮೇಲೆ ಯಾವ ಗಾಲಿಯೂ ನೇರವಾಗಿ ಓಡಬಾರದು. ಟಿಪ್ಪರ್ ಆಗಲೇ ಹಾಕಿದ ಜಲ್ಲಿಯ ಮೇಲೆ ಹಿಮ್ಮುಖವಾಗಿ ಬಂದು ಅಲ್ಲೇ ಸುರಿಯಬೇಕು, ಹಗುರ ಡೋಜರ್ ಅದನ್ನು ಮುಂದಕ್ಕೆ ತಳ್ಳಬೇಕು. ರಾಶಿಯನ್ನು ಎತ್ತರಕ್ಕೆ ಬಿಟ್ಟರೆ ಅದರ ಭಾರಕ್ಕೇ ಕೆಳಗಿನ ನೆಲ ಅಲೆಯೆದ್ದು ಪಕ್ಕದಲ್ಲಿ ಉಬ್ಬುತ್ತದೆ. ಮೊದಲ ಪದರ ಸಡಿಲವಾಗಿ 25–30 ಸೆಂ.ಮೀ. ಇರಲಿ, ಅದರ ಮೇಲೆ ಯಾವ ಲಾರಿಯೂ ತಿರುಗದಿರಲಿ. 7–8 ಸೆಂ.ಮೀ.ವರೆಗಿನ ಜಾಡು ಬಿದ್ದರೆ ಗಾಬರಿ ಬೇಡ, ಬಟ್ಟೆ ಬಿಗಿಯಾಗಲು ಅಷ್ಟು ಬೇಕು. ಅದಕ್ಕಿಂತ ಆಳವಾದರೆ ಪದರ ತೆಳುವಾಗಿದೆ ಎಂದರ್ಥ. ಆ ಜಾಡನ್ನು ಹೊಸ ಜಲ್ಲಿಯಿಂದ ತುಂಬಬೇಕು. ಪಕ್ಕದ ದಿಣ್ಣೆಯನ್ನು ಬ್ಲೇಡಿನಿಂದ ಎಳೆದು ಸಮ ಮಾಡಿದರೆ ದಿಣ್ಣೆಯಿದ್ದ ಕಡೆ ಜಲ್ಲಿ ತೆಳುವಾಗಿ ನಾಳಿನ ಜಾಡಿಗೆ ಜಾಗ ಮಾಡಿಕೊಟ್ಟಂತೆ.

ರೋಲರಿನ ವಿಷಯದಲ್ಲೂ ಇಲ್ಲಿ ಪಾಠ ಬೇರೆ. ಒದ್ದೆ ಜೇಡಿಯ ಮೇಲಿನ ಮೊದಲ ಪದರದಲ್ಲಿ ಕಂಪನ ಹಾಕಬೇಡಿ. ಕಂಪನ ಕೆಳಗಿನ ನೀರನ್ನು ಮೇಲಕ್ಕೆ ಕರೆಯುತ್ತದೆ, ಐದಾರು ಸುತ್ತಿನಲ್ಲಿ ರಸ್ತೆ ಹಾಸಿಗೆಯಂತೆ ಓಲಾಡಲು ಶುರುವಾಗುತ್ತದೆ. ಹಾಗೆ ಓಲಾಡತೊಡಗಿದ ಮೇಲೆ ಇನ್ನಷ್ಟು ಉರುಳಿಸಿದರೆ ಇನ್ನಷ್ಟು ಕೆಡುತ್ತದೆ, ನಿಲ್ಲಿಸಿ ನೀರು ಇಳಿಯಲು ಬಿಡುವುದೊಂದೇ ದಾರಿ. ಮೊದಲ ಪದರಕ್ಕೆ ಡೋಜರಿನ ಓಡಾಟ, ಕಂಪನವಿಲ್ಲದ ರೋಲರಿನ ನಾಲ್ಕು ಸುತ್ತು ಸಾಕು. ಎರಡನೇ ಪದರದಿಂದ 15 ಸೆಂ.ಮೀ.ನಂತೆ ಪೂರ್ತಿ ದಮ್ಮಸು.

ಜಿಯೋಗ್ರಿಡ್ ಬೇರೆಯೇ ಜಾತಿ. ಅದು ಬಲೆ, ಕಲ್ಲು ಅದರ ಕಣ್ಣಿಗೆ ಕಚ್ಚಿಕೊಂಡು ಪಕ್ಕಕ್ಕೆ ಸರಿಯದಂತಾಗುತ್ತದೆ. 25–40 ಮಿ.ಮೀ. ಕಣ್ಣಿನ ಬಲೆಗೆ ದೊಡ್ಡದು 40 ಮಿ.ಮೀ. ಇರುವ, ಸಣ್ಣ ದೊಡ್ಡ ಎಲ್ಲವೂ ಬೆರೆತ ಒಡೆದ ಜಲ್ಲಿ ಹೊಂದುತ್ತದೆ. ನದಿಯ ದುಂಡುಗಲ್ಲಿಗೆ ಕಚ್ಚು ಸಿಗದು, ಹಾಕಿದ ದುಡ್ಡು ವ್ಯರ್ಥ. ಬಲೆ ಜೇಡಿಯನ್ನು ತಡೆಯುವುದಿಲ್ಲ ಎಂಬುದನ್ನು ಮರೆತವರು ಬಹಳ. ಕೆಳಗೆ ಮೆತ್ತನೆ ಜೇಡಿ, ಮೇಲೆ ಪುಡಿಯಿಲ್ಲದ ಒಂದೇ ಗಾತ್ರದ ಜಲ್ಲಿ ಇದ್ದರೆ ಬಲೆಯ ಕೆಳಗೆ ಬಟ್ಟೆಯೂ ಬೇಕು. ಸಿಬಿಆರ್ 4–5 ದಾಟಿದ ನೆಲದಲ್ಲಿ ಗ್ರಿಡ್‌ನ ಲಾಭ ಸಣ್ಣದು, ಅಲ್ಲಿ ಆ ದುಡ್ಡು ಚರಂಡಿಗೆ ಹೋಗಲಿ. ಕಲ್ಲೇ ಸಿಗದೆ ಬರೀ ಮರಳಿರುವ ಕಡೆ ಜೇನುಗೂಡಿನಂಥ ಜಿಯೋಸೆಲ್ ನೋಡಬಹುದು: 15 ಸೆಂ.ಮೀ. ಎತ್ತರದ ಗೂಡು, ಒಳಗೆ ಮರಳು, ಮೇಲೆ ಕನಿಷ್ಠ 5 ಸೆಂ.ಮೀ. ಹೊದಿಕೆ. ಹೊದಿಕೆ ಸವೆದು ಗೂಡಿನ ಬಾಯಿ ಗಾಲಿಗೆ ಸಿಕ್ಕರೆ ಬೇಗ ಹರಿಯುತ್ತದೆ.

ದೊಡ್ಡ ದೊಡ್ಡ ಬಂಡೆ ಹಾಕಿದರೆ ಗಟ್ಟಿಯಾಗುತ್ತದೆ ಎಂಬ ನಂಬಿಕೆಯ ಬಗ್ಗೆ ಒಂದು ಮಾತು. ಕೆಸರು ಅರ್ಧ, ಮುಕ್ಕಾಲು ಮೀಟರ್ ಮಾತ್ರ ಇದ್ದು ಕೆಳಗೆ ಗಟ್ಟಿ ನೆಲವಿದ್ದರೆ ನಿಜ, ಬಂಡೆ ಹೋಗಿ ಅದರ ಮೇಲೆ ಕೂರುತ್ತದೆ. ಕೆಸರು ಆಳವಿದ್ದರೆ ಒಂಟಿ ಬಂಡೆ ಎಂದರೆ ಮೊಳೆ: ಭಾರವನ್ನು ಹರಡುವ ಬದಲು ಒಂದೇ ಕಡೆ ಕುಟ್ಟುತ್ತದೆ, ಬಟ್ಟೆಯಿದ್ದರೆ ಅದನ್ನೂ ತೂತು ಮಾಡುತ್ತದೆ.

ಸುಣ್ಣ, ಸಿಮೆಂಟ್

ಜೇಡಿ ಜಿಗುಟಾಗಿದ್ದರೆ, ಅಂದರೆ ಅದರ ಪ್ಲಾಸ್ಟಿಸಿಟಿ ಸೂಚ್ಯಂಕ 10ಕ್ಕಿಂತ ಮೇಲಿದ್ದರೆ, ಸುಣ್ಣ ಹಿಡಿಯುತ್ತದೆ. ಎರೆಮಣ್ಣಿಗಂತೂ ಇದು ಹೇಳಿ ಮಾಡಿಸಿದ ಮದ್ದು, ಹಿಗ್ಗುವುದನ್ನೂ ಕುಗ್ಗುವುದನ್ನೂ ತಗ್ಗಿಸುತ್ತದೆ. ಒಣ ಮಣ್ಣಿನ ತೂಕದ ಶೇ. 3ರಿಂದ 6 ಬೇಕಾಗುತ್ತದೆ. ಸರಿಯಾದ ಪ್ರಮಾಣ ತಿಳಿಯಲು ಮಣ್ಣು, ಸುಣ್ಣ, ನೀರನ್ನು ಬೇರೆಬೇರೆ ಪಾಲಿನಲ್ಲಿ ಕಲಸಿ ಒಂದು ಗಂಟೆ ಬಿಟ್ಟು ಪಿಎಚ್ ನೋಡುವುದು, 12.4 ಮುಟ್ಟುವ ಅತಿ ಕಡಿಮೆ ಪಾಲೇ ಆರಂಭದ ಅಳತೆ. 20 ಸೆಂ.ಮೀ. ದಪ್ಪ ಪದರದ ಒಂದು ಚದರ ಮೀಟರಿನಲ್ಲಿ ಸುಮಾರು 320 ಕೆ.ಜಿ. ಒಣ ಮಣ್ಣಿರುತ್ತದೆ, ಶೇ. 4 ಎಂದರೆ 12.8 ಕೆ.ಜಿ. ಸುಣ್ಣ. 25 ಕೆ.ಜಿ. ಚೀಲ ಎರಡು ಚದರ ಮೀಟರಿಗೆ ಒಂದು. ಹಾಗೇ ಚೌಕ ಗೆರೆ ಎಳೆದು ಚೀಲವಿಟ್ಟು ಒಡೆದರೆ ಹಂಚಿಕೆ ತಪ್ಪುವುದಿಲ್ಲ. ರೋಟವೇಟರಿನಿಂದ ಕಲಸಿ, ನೀರು ಹಾಕಿ, ಹಗುರಾಗಿ ಮುಚ್ಚಿ ಒಂದೆರಡು ದಿನ ಹದವಾಗಲು ಬಿಡಿ. ಹೆಂಟೆಗಳು ತಾವಾಗಿ ಪುಡಿಯಾಗುತ್ತವೆ. ಮತ್ತೆ ಕಲಸಿ ಉರುಳಿಸಿ, ಒಂದು ವಾರ ಒದ್ದೆಯಾಗಿಡಿ. ಅಷ್ಟು ದಿನ ಲಾರಿ ಬೇಡ.

ಸಿಮೆಂಟಿಗೆ ಈ ತಾಳ್ಮೆಯಿಲ್ಲ. ಅದು ಜಿಗುಟು ಕಡಿಮೆಯಿರುವ ಮರಳು ಜೇಡಿಗೆ, ಗರಸಿಗೆ ಹೊಂದುತ್ತದೆ, ಕಲಸಿದ ಎರಡು ಗಂಟೆಯೊಳಗೆ ದಮ್ಮಸು ಮುಗಿಯಬೇಕು. ತಡವಾದರೆ ಹಿಡಿಯುತ್ತಿರುವ ಗಂಟನ್ನು ರೋಲರೇ ಒಡೆಯುತ್ತದೆ. ಮಣ್ಣಿನಲ್ಲಿ ಕರಗುವ ಸಲ್ಫೇಟ್ ಶೇ. 0.3ಕ್ಕಿಂತ ಹೆಚ್ಚಿದ್ದರೆ ಸುಣ್ಣ, ಸಿಮೆಂಟ್ ಎರಡರಲ್ಲೂ ಅಪಾಯವಿದೆ. ನೀರು ಕುಡಿದ ಎಟ್ರಿಂಗೈಟ್ ಹರಳು ಬೆಳೆದು ರಸ್ತೆಯನ್ನೇ ಮೇಲೆತ್ತುತ್ತದೆ. ಮಣ್ಣಿನಲ್ಲಿ ಜಿಪ್ಸಮ್ಮಿನ ಹೊಳೆಯುವ ಚೂರು ಕಂಡರೆ ಪರೀಕ್ಷೆಯಿಲ್ಲದೆ ಮುಂದುವರಿಯಬೇಡಿ. ಕೊಳೆತ ಎಲೆ, ಬೇರು ತುಂಬಿದ ಕಪ್ಪು ಜೌಗುಮಣ್ಣಿಗೆ ಸುಣ್ಣ ಸರಿಯಾಗಿ ಹಿಡಿಯುವುದಿಲ್ಲ.

ಜೌಗು ನೆಲಕ್ಕೆ ತೇಲುವ ರಸ್ತೆಯೇ ಸರಿ. ಇಂಗ್ಲೆಂಡಿನ ಸಾಮರ್ಸೆಟ್ ಜೌಗಿನಲ್ಲಿ ಕ್ರಿ.ಪೂ. 3800ರ ಸುಮಾರಿಗೆ ಹಾಕಿದ ಹಲಗೆ ದಾರಿಯ ಮರ ಈಗಲೂ ಉಳಿದಿದೆ, ಗಾಳಿ ತಾಗದ ನೀರಿನಲ್ಲಿ ಮರ ಕೊಳೆಯುವುದು ಅಷ್ಟು ನಿಧಾನ. ಜಾರ್ಜ್ ಸ್ಟೀಫನ್ಸನ್ 1830ರ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ದಾರಿಯನ್ನು ಚಾಟ್ ಮಾಸ್ ಜೌಗಿನ ಮೇಲೆ ದಾಟಿಸಿದ್ದು ಸೌದೆ, ಗಿಡದ ತಡಿಕೆಗಳನ್ನು ಹಾಸಿ. ಇವತ್ತಿಗೂ ಬಿದಿರ ತಡಿಕೆ, ಕೊಂಬೆಯ ಕಟ್ಟು ಒಳ್ಳೆಯ ತಳಹಾಸೇ, ಸದಾ ನೀರಿನಲ್ಲಿ ಮುಳುಗಿರುವ ಮಟ್ಟದಲ್ಲಿ ಹಾಕಿದರೆ. ಒಮ್ಮೆ ಒಣಗಿ ಒಮ್ಮೆ ನೆನೆಯುವ ಮಟ್ಟದಲ್ಲಿ ಹಾಕಿದರೆ ಬೇಗ ಕೊಳೆತು ಪೊಳ್ಳಾಗುತ್ತದೆ. ಜೌಗಿನಲ್ಲಿ ಒಂದು ವಿಚಿತ್ರ: ಕುಸಿದ ರಸ್ತೆಗೆ ಮತ್ತೆ ಮತ್ತೆ ಕಲ್ಲು ಹೇರಿದಷ್ಟೂ ಅದು ಆ ಕಲ್ಲಿನ ಭಾರಕ್ಕೇ ಇನ್ನಷ್ಟು ಇಳಿಯುತ್ತದೆ. ನಾರ್ವೆಯವರು 1972ರಲ್ಲಿ ಆಸ್ಲೊ ಬಳಿ ಇಂಥ ಕಡೆ ಕಲ್ಲು ತೆಗೆದು ಥರ್ಮೊಕೋಲಿನ ದಪ್ಪ ದಿಮ್ಮಿಗಳನ್ನೇ ಇಟ್ಟರು. ಹಗುರ ಮಾಡುವುದೂ ಬಲಪಡಿಸುವ ಒಂದು ಬಗೆ. ಅಲ್ಲಿ ಪಕ್ಕದ ಚರಂಡಿಯನ್ನು ಆಳ ಮಾಡುವುದು ಕೂಡ ತಿರುಗುಬಾಣವಾಗಬಹುದು: ಜೌಗಿನ ನೀರು ಬಸಿದರೆ ಅದು ಕುಗ್ಗಿ ರಸ್ತೆ ಒಡೆಯುತ್ತದೆ.

ಅಂಚು, ಮೋರಿ, ಓಡಾಟ

ಗಾಲಿ ರಸ್ತೆಯ ನಡುವಿದ್ದಾಗ ಎರಡೂ ಪಕ್ಕದ ಮಣ್ಣು ಅದನ್ನು ಹಿಡಿದುಕೊಳ್ಳುತ್ತದೆ. ಅಂಚಿಗೆ ಬಂದರೆ ಒಂದೇ ಪಕ್ಕ. 3 ಮೀಟರ್ ಅಗಲದ ರಸ್ತೆಯಲ್ಲಿ 2.5 ಮೀಟರ್ ಅಗಲದ ಲಾರಿಗೆ ಎರಡೂ ಕಡೆ 25 ಸೆಂ.ಮೀ. ಉಳಿಯುತ್ತದೆ, ಎದುರು ಇನ್ನೊಂದು ಬಂದರೆ ಅಂಚು ಮುರಿದಂತೆಯೇ. ರಸ್ತೆ ಉದ್ದಕ್ಕೂ ಅಗಲಿಸಲು ಆಗದಿದ್ದರೆ ಇನ್ನೂರು, ಮುನ್ನೂರು ಮೀಟರಿಗೊಂದು, ಒಂದರಿಂದ ಇನ್ನೊಂದು ಕಾಣುವಂತೆ, ದಾರಿ ಬಿಡುವ ತಾಣ ಮಾಡಿ. ನಿಂತ ಲಾರಿ ಓಡುವ ಲಾರಿಗಿಂತ ಮೆತ್ತನೆ ನೆಲಕ್ಕೆ ಹೆಚ್ಚು ಕೆಟ್ಟದ್ದು, ಆದ್ದರಿಂದ ಈ ತಾಣಗಳಿಗೂ ಪೂರ್ತಿ ದಪ್ಪದ ಜಲ್ಲಿಯೇ ಬೇಕು. ತಿರುವಿನಲ್ಲಿ ಒಳಪಕ್ಕ ಅಗಲಿಸಿ, ಉದ್ದ ಲಾರಿಯ ಹಿಂದಿನ ಗಾಲಿ ಯಾವಾಗಲೂ ಒಳಗೆ ಕಡಿಯುತ್ತದೆ.

ಮೋರಿಯ ಪೈಪಿನ ಮೇಲೆ ದಮ್ಮಸಾದ ಹೊದಿಕೆ ಅರ್ಧ ಮೀಟರಾದರೂ ಇರಲಿ. ಒಡೆಯುವುದಕ್ಕಿಂತ ಹೆಚ್ಚಾಗಿ ಆಗುವುದು ಬೇರೆ: ಪೈಪಿನ ಎರಡೂ ಪಕ್ಕದ ಮಣ್ಣು ಕೂತು ಪೈಪು ದಿಣ್ಣೆಯಾಗಿ ಉಳಿಯುತ್ತದೆ, ಲಾರಿ ಅಲ್ಲಿ ಜಿಗಿದು ಆಚೆ ಬದಿಯನ್ನು ಕುಟ್ಟುತ್ತದೆ. ಪಕ್ಕದ ತುಂಬುವಿಕೆಯನ್ನು 15 ಸೆಂ.ಮೀ. ಪದರದಲ್ಲಿ, ಎರಡೂ ಕಡೆ ಸಮವಾಗಿ ಏರಿಸುತ್ತ ದಮ್ಮಸು ಮಾಡಿದರೆ ಇದು ತಪ್ಪುತ್ತದೆ.

ಓಡಾಟವನ್ನು ಹತೋಟಿಯಲ್ಲಿಡುವುದು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಕಷ್ಟ. ಒಂದರ ಹಿಂದೊಂದು ಹತ್ತು ಭರ್ತಿ ಲಾರಿ ಹೋದರೆ ಜೇಡಿಯೊಳಗಿನ ನೀರಿನ ಒತ್ತಡ ಇಳಿಯಲು ಸಮಯ ಸಿಗುವುದಿಲ್ಲ, ಅದೇ ಹತ್ತು ದಿನವಿಡೀ ಹರಡಿದರೆ ಹಾನಿ ಕಡಿಮೆ. ಜೋರು ಮಳೆಯ ನಂತರ ಎರಡು ದಿನ ಭರ್ತಿ ಲಾರಿ ನಿಲ್ಲಿಸಿದರೆ ಒಂದು ವರ್ಷದ ರಿಪೇರಿ ಉಳಿಯಬಹುದು. ನಿಧಾನ ಓಡುವ ಕಡೆ ಟೈರಿನ ಗಾಳಿಯನ್ನು ತಯಾರಕರು ಆ ವೇಗಕ್ಕೆ, ಆ ಭಾರಕ್ಕೆ ಒಪ್ಪಿದ ಮಿತಿಯವರೆಗೆ ಇಳಿಸಿದರೆ ತಾಗುವ ಜಾಗ ಹಿಗ್ಗಿ ಮೇಲಿನ ಜಲ್ಲಿಯ ಮೇಲೆ ಒತ್ತಡ ತಗ್ಗುತ್ತದೆ. ಆಳದ ಜೇಡಿಗೆ ಇದರಿಂದ ಹೆಚ್ಚು ವ್ಯತ್ಯಾಸವಿಲ್ಲ, ಅಲ್ಲಿ ಲೆಕ್ಕಕ್ಕೆ ಬರುವುದು ಒಟ್ಟು ಭಾರ.

ಮುಗಿದ ರಸ್ತೆಗೆ ಮೊದಲ ಮೂರು ತಿಂಗಳು ವಾರಕ್ಕೊಮ್ಮೆ ಕಣ್ಣಾಡಿಸಿ. ಜಾಡು 5 ಸೆಂ.ಮೀ. ಆಗುವ ಮೊದಲೇ ಅದೇ ಜಾತಿಯ ಜಲ್ಲಿ ತುಂಬಿ. ಅಂಚಿನಲ್ಲಿ ಹುಲ್ಲು ಬೆಳೆದು ಮಣ್ಣು ಹಿಡಿದು ಏರಿದ ತುಟಿಯನ್ನು ವರ್ಷಕ್ಕೊಮ್ಮೆ ಕತ್ತರಿಸಿ ತೆಗೆಯಿರಿ, ವಾಟ ಎಷ್ಟೇ ಚೆನ್ನಾಗಿದ್ದರೂ ಈ ತುಟಿ ನೀರನ್ನು ರಸ್ತೆಯ ಮೇಲೇ ಕಟ್ಟಿಹಾಕುತ್ತದೆ. ಗ್ರೇಡರ್ ಚಾಲಕರಿಗೆ ಬಟ್ಟೆ ಎಷ್ಟು ಕೆಳಗಿದೆ ಎಂದು ಮೊದಲೇ ಹೇಳಿಡಿ. ಬ್ಲೇಡಿಗೆ ಸಿಕ್ಕ ಬಟ್ಟೆ ಹತ್ತು ಮೀಟರ್ ಕಿತ್ತು ಬರುತ್ತದೆ. ಡಾಂಬರು ಹಾಕುವ ಆಸೆಯಿದ್ದರೆ ಒಂದು ಪೂರ್ತಿ ಮಳೆಗಾಲ ಲಾರಿ ಓಡಲಿ. ಮಳೆಗಾಲದ ಕೊನೆಗೆ ನೇರ ಪಟ್ಟಿಯಿಟ್ಟು ಅಳೆದ ಜಾಡು ಹಿಂದಿನ ತಿಂಗಳಿನದಕ್ಕಿಂತ ಬೆಳೆದಿರದಿದ್ದರೆ ನೆಲ ನಿಂತಿದೆ, ಡಾಂಬರು ಹಾಕಬಹುದು. ಬೆಳೆಯುತ್ತಲೇ ಇದ್ದರೆ ಮತ್ತೊಂದು ಅಡ್ಡಗುಂಡಿ ತೋಡಿ, ಗೆರೆ ಎಲ್ಲಿ ಬಾಗಿದೆ ನೋಡಿ.